ಹಳೆಯ ಗಣಕದ ನಾಡಿ ಹಿಡಿಯುವ ಬಗೆ

ಅಟ್ಟದ ಮೇಲೆ ಮೂವತ್ತು ನಲವತ್ತು ವರ್ಷ ಮಲಗಿದ್ದ ಗಣಕಯಂತ್ರವೊಂದು ಒಂದು ದಿನ ಕೆಳಗಿಳಿಯಿತೆಂದು ಇಟ್ಟುಕೊಳ್ಳಿ. ಮನೆಮಂದಿ ಮಾಡುವ ಮೊದಲ ಕೆಲಸ ಒದ್ದೆ ಬಟ್ಟೆಯಿಂದ ಅದರ ಧೂಳು ಒರೆಸುವುದು. ಎರಡನೆಯದು ಪ್ಲಗ್ ಚುಚ್ಚಿ ಸ್ವಿಚ್ ಒತ್ತುವುದು. ಎರಡೂ ತಪ್ಪು. ಎರಡನೆಯದಂತೂ ಬದುಕಿಸಬಹುದಾಗಿದ್ದ ಯಂತ್ರವನ್ನು ಐದು ನಿಮಿಷದಲ್ಲಿ ಕೊಂದುಹಾಕಬಲ್ಲದು. ಯಂತ್ರದ ಜತೆಗೆ ಇನ್ನೊಂದು ಅವಕಾಶವೂ ಹೋಗುತ್ತದೆ. ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿ ಬಿದ್ದಿರುವ ಕ್ಯಾಸೆಟ್ಟುಗಳಲ್ಲಿ ಯಾರು ಏನು ಬರೆದಿಟ್ಟಿದ್ದರೆಂಬುದನ್ನು, ಅವರು ಬರೆದ ಅದೇ ಯಂತ್ರದಲ್ಲಿ ತೆರೆದು ನೋಡುವ ಅವಕಾಶ ಅದು.

ಅಂಥ ಯಂತ್ರಗಳು ನಮ್ಮಲ್ಲಿ ಎಲ್ಲಿಂದ ಬಂದವು ಎಂದು ಕೇಳುವವರಿದ್ದಾರೆ. 1984–85ರಲ್ಲಿ ಕೇಂದ್ರ ಸರ್ಕಾರದ ಶಿಕ್ಷಣ ಮತ್ತು ಎಲೆಕ್ಟ್ರಾನಿಕ್ಸ್ ಇಲಾಖೆಗಳು ಸೇರಿ ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿದವು. ದೇಶದ ಸುಮಾರು 250 ಶಾಲೆಗಳಿಗೆ ಗಣಕದ ಪರಿಚಯ ಮಾಡಿಕೊಡುವುದು ಅದರ ಮೊದಲ ಹಂತ. ಅದಕ್ಕೆ ಆಯ್ಕೆಯಾದದ್ದು ಬ್ರಿಟನ್ನಿನ ಏಕಾರ್ನ್ ಕಂಪನಿಯ ‘ಬಿಬಿಸಿ ಮೈಕ್ರೊ’. 1981ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದಿದ್ದ ಯಂತ್ರ ಅದು. ಮುಂದೆ ಮೊಹಾಲಿಯಲ್ಲಿದ್ದ ಸರ್ಕಾರಿ ಸಂಸ್ಥೆ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದೇ ಯಂತ್ರವನ್ನು ‘ಎಸ್‌ಸಿಎಲ್ ಯೂನಿಕಾರ್ನ್’ ಎಂಬ ಹೆಸರಿನಲ್ಲಿ ತಯಾರಿಸಿತು. ಇನ್ನೊಂದು ಯಂತ್ರ ಸಿಂಕ್ಲೇರ್ ಕಂಪನಿಯ ‘ಝಡ್‌ಎಕ್ಸ್ ಸ್ಪೆಕ್ಟ್ರಮ್’. 1982ರ ಏಪ್ರಿಲಿನಲ್ಲಿ ಬಂದ ಇದು ಕೈಯಗಲದ ಪೆಟ್ಟಿಗೆ, ರಬ್ಬರಿನ ಕೀಲಿ. ವಿದೇಶಕ್ಕೆ ಹೋದವರು ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಇದನ್ನು ತಂದರು. 1986ರಲ್ಲಿ ಡೆಸಿಬೆಲ್ಸ್ ಎಂಬ ಭಾರತೀಯ ಕಂಪನಿ ಪರವಾನಗಿ ಪಡೆದು ಇದರ ಸುಧಾರಿತ ರೂಪವನ್ನು ಇಲ್ಲಿಯೇ ಮಾರತೊಡಗಿತು.

ಶಾಲೆಗಳ ಗಣಕ ಕೋಣೆಯ ನೆನಪು ಆ ಕಾಲದಲ್ಲಿ ಓದಿದವರಿಗೆ ಇದ್ದೇ ಇರುತ್ತದೆ. ಬಾಗಿಲಿಗೆ ಬೀಗ, ಹೊರಗೆ ಚಪ್ಪಲಿ ಬಿಡುವ ಜಾಗ, ಯಂತ್ರದ ಮೇಲೆ ಪ್ಲಾಸ್ಟಿಕ್ ಹೊದಿಕೆ. ದೇವರ ಕೋಣೆಗೂ ಅಷ್ಟು ಮಡಿ ಇರಲಿಲ್ಲ. ಆ ಮಡಿಯಿಂದಾಗಿ ಮಕ್ಕಳು ಕಲಿತದ್ದು ಕಡಿಮೆ ಎಂಬ ಟೀಕೆಯಲ್ಲಿ ಹುರುಳಿದೆ. ಆದರೆ ಮುಟ್ಟದೆ ಇಟ್ಟ ಕಾರಣಕ್ಕೇ ಕೆಲವು ಯಂತ್ರಗಳು ಉಳಿದುಕೊಂಡವು ಎಂಬುದೂ ಸುಳ್ಳಲ್ಲ.

ಈ ಎರಡೂ ಗಣಕಗಳಿಗೆ ಸ್ವಂತ ಪರದೆ ಇಲ್ಲ. ಟಿ.ವಿ.ಗೆ ಜೋಡಿಸಬೇಕು. ಟಿ.ವಿ. ವಿಷಯದಲ್ಲಿ ಮಾತ್ರ ನಮ್ಮ ಭಾಗ ರಾಜಧಾನಿಗಿಂತ ಮುಂದಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಬಂತು. ಕರ್ನಾಟಕದಿಂದ ಅದರಲ್ಲಿದ್ದದ್ದು ಆಗಿನ ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಬೋನಾಳ, ಸುರಪುರ, ಶಹಾಪುರಗಳೆಲ್ಲ ಆಗ ಗುಲಬರ್ಗಾ ಜಿಲ್ಲೆಯವೇ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನ ಕೇಂದ್ರ ಬಂದಾಗ ಬೆಂಗಳೂರಿಗೆ ಇನ್ನೂ ಬಂದಿರಲಿಲ್ಲ. ಅಲ್ಲಿ ಅದು ಆರಂಭವಾದದ್ದು 1981ರಲ್ಲಿ.

ಸೈಟ್‌ನ ಹಳ್ಳಿಗಳಲ್ಲಿ ಕೋಳಿಗೂಡಿನ ತಂತಿಜಾಲರಿಯಿಂದ ಮಾಡಿದ ಸುಮಾರು ಮೂರು ಮೀಟರ್ ಅಗಲದ ಬೋಗುಣಿ ಆಂಟೆನಾ, ಅದರ ಕೆಳಗೆ ಹೈದರಾಬಾದಿನ ಇಸಿಐಎಲ್ ಸಂಸ್ಥೆಯ ಟಿ.ವಿ. ಪೆಟ್ಟಿಗೆ ಇರುತ್ತಿದ್ದವು. ಚಿತ್ರ ಬರದಿದ್ದರೆ ಕಾರಣ ಎಲ್ಲಿದೆ? 36 ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹದಲ್ಲೋ, ಜಾಲರಿಯಲ್ಲೋ, ಪೆಟ್ಟಿಗೆಯಲ್ಲೋ, ಗೋಡೆಯ ಪ್ಲಗ್ಗಿನಲ್ಲೋ? ಪಕ್ಕದ ಊರಿನಲ್ಲಿ ಚಿತ್ರ ಬರುತ್ತಿದ್ದರೆ ಉಪಗ್ರಹ ಸರಿಯಾಗಿದೆ. ಪೆಟ್ಟಿಗೆಯ ದೀಪ ಉರಿಯುತ್ತಿದ್ದರೆ ಪ್ಲಗ್ ಸರಿಯಾಗಿದೆ. ಉಳಿದದ್ದು ಎರಡೇ. ಹಳೆಯ ಗಣಕದ ದೋಷ ಹುಡುಕುವ ವಿದ್ಯೆಯೂ ಇಷ್ಟೇ, ಇದಕ್ಕಿಂತ ಹೆಚ್ಚಿನ ಗುಟ್ಟು ಅದರಲ್ಲಿಲ್ಲ.

ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಿಲ್ಲ. ಹೊಲಕ್ಕೆ ನೀರು ಬರದಿದ್ದರೆ ಅವರು ಅಣೆಕಟ್ಟಿನಿಂದ ಹಿಡಿದು ಪ್ರತಿ ತೂಬನ್ನೂ ನೋಡುತ್ತ ಬರುವುದಿಲ್ಲ. ನಟ್ಟನಡುವಿನ ಒಂದು ತೂಬಿಗೆ ಹೋಗುತ್ತಾರೆ. ಅಲ್ಲಿ ನೀರಿದ್ದರೆ ತಡೆ ಕೆಳಗಿದೆ, ಇಲ್ಲದಿದ್ದರೆ ಮೇಲಿದೆ. ಮತ್ತೆ ಉಳಿದ ಅರ್ಧದ ನಡುವೆ. ನೂರು ತೂಬಿನ ಕಾಲುವೆಯಲ್ಲಿ ಹೀಗೆ ಏಳು ಸಲ ನೋಡಿದರೆ ತಡೆ ಸಿಕ್ಕಿಬೀಳುತ್ತದೆ.

ಸ್ವಿಚ್ ಒತ್ತುವ ಮುನ್ನ

ಮೊದಲು ಪ್ಲಗ್ ಚುಚ್ಚದೆಯೇ ಕವಚ ಬಿಚ್ಚಿ ಮೂಸಿ ನೋಡಬೇಕು. ಇದು ತಮಾಷೆಯಲ್ಲ. ಸುಟ್ಟ ರೆಸಿಸ್ಟರಿನ ವಾಸನೆ, ಸೋರಿದ ಕಂಡೆನ್ಸರಿನ ಮೀನಿನಂಥ ವಾಸನೆ, ಇಲಿ ಉಚ್ಚೆಯ ವಾಸನೆ, ಒಂದೊಂದೂ ಬೇರೆ ಬೇರೆ ಕಥೆ ಹೇಳುತ್ತವೆ. ನಮ್ಮ ಕಡೆ ಪೆಟ್ಟಿಗೆಯೊಳಗೆ ಕಣಜದ ಮಣ್ಣಿನ ಗೂಡು, ಒಣಗಿದ ಹಲ್ಲಿ, ಜಿರಲೆಯ ಮೊಟ್ಟೆ ಸಿಗುವುದು ಸಾಮಾನ್ಯ. ಹಲ್ಲಿ ಎರಡು ತಂತಿಗಳ ನಡುವೆ ಸತ್ತು ಬಿದ್ದಿದ್ದರೆ ಅದೂ ಒಂದು ಶಾರ್ಟ್ ಸರ್ಕ್ಯೂಟೇ. ಒಣ ಬಣ್ಣದ ಕುಂಚದಿಂದ ಧೂಳು ತೆಗೆಯಬೇಕು. ಒದ್ದೆ ಬಟ್ಟೆ ಬೇಡ. ಪೆಟ್ರೋಲ್, ಥಿನ್ನರ್ ಮೊದಲೇ ಬೇಡ, ಅವು ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ. ಔಷಧದ ಅಂಗಡಿಯಲ್ಲೋ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೋ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು.

ಆಮೇಲಿನದು ವಿದ್ಯುತ್ ಪೂರೈಕೆಯ ಭಾಗ, ಅಂದರೆ ಪವರ್ ಸಪ್ಲೈ. ಹಳೆಯ ಗಣಕಗಳಲ್ಲಿ ಮೊದಲು ಕೆಡುವುದು ಬುದ್ಧಿಯಲ್ಲ, ಹೊಟ್ಟೆ. ಬಿಬಿಸಿ ಮೈಕ್ರೊದ ಪವರ್ ಸಪ್ಲೈ ಒಳಗೆ ಗೋಡೆಯ ವಿದ್ಯುತ್ತು ನೇರವಾಗಿ ಬೀಳುವ ಜಾಗದಲ್ಲಿ ಹಳದಿ ಮಿಶ್ರಿತ ಪಾರದರ್ಶಕ ಅಂಟಿನಲ್ಲಿ ಅದ್ದಿದ ಒಂದೆರಡು ಕಂಡೆನ್ಸರುಗಳಿರುತ್ತವೆ. ತಯಾರಕರ ಹೆಸರಿನಿಂದ ಇವನ್ನು ‘ರೀಫಾ’ ಎನ್ನುತ್ತಾರೆ. ಒಳಗಿರುವುದು ಲೋಹ ಲೇಪಿಸಿದ ಕಾಗದ. ವರ್ಷಗಳು ಕಳೆದಂತೆ ಮೇಲಿನ ಅಂಟು ಬಿರುಕು ಬಿಡುತ್ತದೆ. ಬಿರುಕಿನಿಂದ ಮಳೆಗಾಲದ ತೇವ ಒಳಹೋಗಿ ಕಾಗದ ಅದನ್ನು ಹೀರಿಕೊಳ್ಳುತ್ತದೆ. ವಿದ್ಯುತ್ತು ಹರಿದಾಗ ತೇವದ ಕಾಗದ ಬಿಸಿಯಾಗಿ, ಕೆಲವು ನಿಮಿಷಗಳಲ್ಲಿ ‘ಟಪ್’ ಎಂದು ಸಿಡಿದು ಕೋಣೆ ತುಂಬ ದಟ್ಟ ಹೊಗೆ. ವಿಚಿತ್ರವೆಂದರೆ ಹೊಗೆ ಬರುತ್ತಿರುವಾಗಲೂ ಗಣಕ ನಡೆಯುತ್ತಲೇ ಇರಬಹುದು. ಈ ಕಂಡೆನ್ಸರಿನ ಕೆಲಸ ಲೈನಿನ ಗದ್ದಲ ಸೋಸುವುದಷ್ಟೆ. ಆದರೆ ‘ನಡೀತದಲ್ಲ’ ಎಂದು ಬಿಟ್ಟರೆ ಬೆಂಕಿಯ ಅಪಾಯ. ಸ್ವಿಚ್ ಒತ್ತುವ ಮುನ್ನವೇ ಇವನ್ನು ಕಿತ್ತು, ಅದೇ ಅಳತೆಯ ‘ಎಕ್ಸ್-2’ ದರ್ಜೆಯ ಹೊಸದನ್ನು ಹಾಕುವುದು ಒಳ್ಳೆಯದು. ಬೆಲೆ ಕೆಲವೇ ರೂಪಾಯಿ.

ಆದರೆ ಎಚ್ಚರ. ಈ ಭಾಗದ ಕವಚ ಬಿಚ್ಚುವುದು ಕೈಪಳಗಿದವರ ಕೆಲಸ. 230 ವೋಲ್ಟಿನ ವಿದ್ಯುತ್ತನ್ನು ಒಳಗೆ ನೇರಗೊಳಿಸಿದಾಗ ದೊಡ್ಡ ಕಂಡೆನ್ಸರಿನಲ್ಲಿ ಸುಮಾರು 325 ವೋಲ್ಟ್ ನಿಲ್ಲುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ಬೆರಳು ತಾಗಿದರೆ ಜೀವಕ್ಕೇ ಕುತ್ತು. ಗಣಕದ ಬಗ್ಗೆ ಏನೂ ಗೊತ್ತಿಲ್ಲದ, ಟಿ.ವಿ. ರಿಪೇರಿ ಮಾತ್ರ ಬಲ್ಲ ಮೆಕ್ಯಾನಿಕ್‌ ಒಬ್ಬರನ್ನು ಈ ಹಂತಕ್ಕೆ ಕರೆಯುವುದು ಲೇಸು. ಅವರಿಗೆ ಇದು ದಿನನಿತ್ಯದ ಕೆಲಸ.

ಅವರ ಅಂಗಡಿಯಲ್ಲೇ ಇನ್ನೊಂದು ಸಾಧನವೂ ಇರುತ್ತದೆ: ಸೀರೀಸ್ ಬೋರ್ಡ್. ಒಂದು ಬಲ್ಬು ಹೋಲ್ಡರ್, ಒಂದು ಸಾಕೆಟ್, ಎರಡನ್ನೂ ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿದ ಹಲಗೆ. ಗಣಕವನ್ನು ಆ ಸಾಕೆಟ್ಟಿಗೆ ಚುಚ್ಚಿದರೆ ವಿದ್ಯುತ್ತು ಬಲ್ಬಿನ ಮೂಲಕವೇ ಹಾದುಹೋಗಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಪ್ರಕಾಶದಿಂದ ಉರಿಯುತ್ತದೆ, ಗಣಕಕ್ಕೆ ಹಾನಿಯಿಲ್ಲ. ಒಮ್ಮೆ ಮಿಂಚಿ ಮಂಕಾದರೆ ಮುಂದುವರಿಯಬಹುದು. ಇದಕ್ಕೆ ಹಳೆಯ ತಂತಿಯ ಬಲ್ಬೇ ಬೇಕು. ಎಲ್‌ಇಡಿ ಬಲ್ಬು ಹಾಕಿದರೆ ಉಪಯೋಗವಿಲ್ಲ. ಅರವತ್ತೋ ನೂರೋ ವ್ಯಾಟಿನ ತಂತಿ ಬಲ್ಬು ಹುಡುಕುವುದೇ ಈಗ ಗಣಕ ಹುಡುಕಿದಷ್ಟು ಕಷ್ಟವಾಗಿದೆ ಎನ್ನುವುದು ಬೇರೆ ಮಾತು.

ಸ್ಪೆಕ್ಟ್ರಮ್‌ನಲ್ಲಿ ಈ ತೊಂದರೆ ಇಲ್ಲ, ಅದಕ್ಕೆ ಹೊರಗಿನ ಅಡಾಪ್ಟರ್. ಅದರ ಅಪಾಯ ಬೇರೆ. ಮೂಲ ಅಡಾಪ್ಟರ್ ಕಳೆದುಹೋಗಿ, ಮನೆಯಲ್ಲಿ ಬಿದ್ದಿರುವ ಯಾವುದೋ 9 ವೋಲ್ಟಿನದನ್ನು ಚುಚ್ಚುತ್ತಾರೆ. ಇಂದಿನ ಹೆಚ್ಚಿನ ಅಡಾಪ್ಟರುಗಳ ಪಿನ್ನಿನ ನಡುಭಾಗ ಧನ. ಸ್ಪೆಕ್ಟ್ರಮ್‌ಗೆ ಬೇಕಾದದ್ದು ನಡುಭಾಗ ಋಣ. ತಿರುವುಮುರುವಾದರೆ ಒಳಗಿನ ಬಿಡಿಭಾಗಗಳು ಒಂದರ ಹಿಂದೊಂದರಂತೆ ಹೋಗುತ್ತವೆ. ಚುಚ್ಚುವ ಮೊದಲು ಮೀಟರ್ ಹಿಡಿದು ನೋಡುವುದಕ್ಕೆ ಅರ್ಧ ನಿಮಿಷ ಸಾಕು.

ನಮ್ಮ ಬಿಸಿಲಿನ ಬಗ್ಗೆ ಒಂದು ಮಾತು. ಎಲೆಕ್ಟ್ರೊಲಿಟಿಕ್ ಎಂಬ ಜಾತಿಯ ಕಂಡೆನ್ಸರಿನೊಳಗೆ ದ್ರವವಿರುತ್ತದೆ, ಅದು ನಿಧಾನವಾಗಿ ಆವಿಯಾಗುತ್ತದೆ. ಉಷ್ಣಾಂಶ ಹತ್ತು ಡಿಗ್ರಿ ಹೆಚ್ಚಿದರೆ ಅದರ ಆಯುಸ್ಸು ಅರ್ಧವಾಗುತ್ತದೆಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. ಲಂಡನ್ನಿನ ತಣ್ಣನೆಯ ಮನೆಯಲ್ಲಿ ಇಂದಿಗೂ ಚೆನ್ನಾಗಿರುವ ಕಂಡೆನ್ಸರು, ಏಪ್ರಿಲ್ ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಯಾದಗಿರಿಯ ತಗಡಿನ ಮಾಡಿನ ಕೆಳಗೆ ಎಂದೋ ಒಣಗಿರುತ್ತದೆ. ವಿದೇಶದ ಪುಸ್ತಕಗಳಲ್ಲಿ ಬರೆದ ಆಯುಸ್ಸಿನ ಲೆಕ್ಕ ನಮಗೆ ಹೊಂದುವುದಿಲ್ಲ. ಅರ್ಥಿಂಗ್ ಕೂಡ ಹಾಗೆಯೇ. ಬೇಸಿಗೆಯಲ್ಲಿ ಉಪ್ಪು ಇದ್ದಿಲು ತುಂಬಿದ ಗುಂಡಿಗೆ ನೀರು ಹಾಕದಿದ್ದರೆ ನೆಲ ಒಣಗಿ ಅರ್ಥಿಂಗ್ ಇದ್ದೂ ಇಲ್ಲದಂತೆ. ಕವಚದ ಸ್ಕ್ರೂ ಮುಟ್ಟಿದಾಗ ಜುಮ್ಮೆಂದರೆ ಗಣಕವನ್ನು ಬೈಯುವ ಮುನ್ನ ಹಿತ್ತಲಿಗೆ ಹೋಗಿ ಆ ಗುಂಡಿ ನೋಡಬೇಕು.

ಐದು ವೋಲ್ಟಿನ ಲೆಕ್ಕ

ಈಗ ಮಲ್ಟಿಮೀಟರ್ ಕೆಲಸ. ಈ ಯಂತ್ರಗಳ ಚಿಪ್ಪುಗಳು ಬದುಕುವುದು 5 ವೋಲ್ಟಿನ ಮೇಲೆ. 4.75ರಿಂದ 5.25ರವರೆಗೆ ಸರಿ. 4.6 ಇದ್ದರೆ ಗಣಕ ಸತ್ತಿರುವುದಿಲ್ಲ, ಹುಚ್ಚಾಗಿರುತ್ತದೆ: ಒಮ್ಮೆ ಬರುತ್ತದೆ, ಒಮ್ಮೆ ನಿಲ್ಲುತ್ತದೆ, ಅಕ್ಷರಗಳು ತಮ್ಮಷ್ಟಕ್ಕೆ ಬದಲಾಗುತ್ತವೆ. ಇದನ್ನು ಕಂಡು ಚಿಪ್ಪುಗಳನ್ನೆಲ್ಲ ಬದಲಿಸಿ ಕೈಸುಟ್ಟುಕೊಂಡವರಿದ್ದಾರೆ. ಅಳೆಯುವುದು ಪವರ್ ಸಪ್ಲೈಯ ಬಾಯಲ್ಲಲ್ಲ, ಚಿಪ್ಪಿನ ಕಾಲಿನಲ್ಲಿ. ಬಿಬಿಸಿ ಮೈಕ್ರೊದಲ್ಲಿ ಮೂರು ಜೋಡಿ ತಂತಿಗಳು ಚಪ್ಪಟೆ ಕ್ಲಿಪ್ಪುಗಳ ಮೂಲಕ ಬೋರ್ಡಿಗೆ ಸೇರುತ್ತವೆ. ಆ ಕ್ಲಿಪ್ಪು ತುಕ್ಕು ಹಿಡಿದು ಸಡಿಲವಾದರೆ ಅಲ್ಲಿಯೇ ಅರ್ಧ ವೋಲ್ಟು ಸೋರಿಹೋಗುತ್ತದೆ. ಕಿತ್ತು, ಉಜ್ಜಿ, ಇಕ್ಕಳದಿಂದ ಸ್ವಲ್ಪ ಬಿಗಿ ಮಾಡಿ ಸಿಕ್ಕಿಸಿದರೆ ಎಷ್ಟೋ ‘ಸತ್ತ’ ಯಂತ್ರಗಳು ಎದ್ದು ಕೂರುತ್ತವೆ.

ಮೀಟರನ್ನು ಎಷ್ಟು ನಂಬಬೇಕೆಂಬುದಕ್ಕೆ ಇದೇ ಬಿಬಿಸಿ ಮೈಕ್ರೊ ವಂಶದ ಒಂದು ಪ್ರಸಂಗವಿದೆ. ಏಕಾರ್ನ್ ಕಂಪನಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಹೊಸದೊಂದು ಸಂಸ್ಕಾರಕ ಚಿಪ್ಪನ್ನು ವಿನ್ಯಾಸ ಮಾಡಿದ್ದರು. 1985ರ ಏಪ್ರಿಲ್ 26ರಂದು ಅದು ಮೊದಲ ಬಾರಿಗೆ ಕೈಗೆ ಬಂತು. ಬಿಬಿಸಿ ಮೈಕ್ರೊಗೆ ಜೋಡಿಸಿದ್ದೇ ತಡ ಕೆಲಸ ಮಾಡಿತು. ಎಷ್ಟು ವಿದ್ಯುತ್ತು ಬಳಸುತ್ತಿದೆ ಎಂದು ಫರ್ಬರ್ ಮೀಟರ್ ಇಟ್ಟರೆ ಸೊನ್ನೆ! ನೋಡಿದರೆ ಚಿಪ್ಪಿನ ವಿದ್ಯುತ್ ಕಾಲಿಗೆ ಸಂಪರ್ಕವೇ ಇರಲಿಲ್ಲ. ಉಳಿದ ಕಾಲುಗಳ ಸಂಕೇತಗಳಿಂದ ಸೋರಿದ ಚೂರುಪಾರು ವಿದ್ಯುತ್ತಿನಲ್ಲೇ ಅದು ನಡೆಯುತ್ತಿತ್ತು. ಆ ಚಿಪ್ಪಿನ ಹೆಸರು ಆರ್ಮ್. ಇಂದು ನಮ್ಮ ನಿಮ್ಮೆಲ್ಲರ ಮೊಬೈಲಿನಲ್ಲಿರುವುದು ಅದರ ಮೊಮ್ಮಕ್ಕಳು.

ಯಂತ್ರ ಆಡುವ ಮಾತು

ವಿದ್ಯುತ್ತು ಸರಿಯಾಗಿದೆ ಎಂದಾದ ಮೇಲೆ ಕಿವಿಗೆ ಕೆಲಸ. ಆರೋಗ್ಯವಂತ ಬಿಬಿಸಿ ಮೈಕ್ರೊ ಸ್ವಿಚ್ ಒತ್ತಿದಾಗ ‘ಬೂ–ಪೀಪ್’ ಎನ್ನುತ್ತದೆ. ಇದು ಎರಡು ಬೇರೆ ಬೇರೆ ದನಿ. ಮೊದಲಿನ ದಪ್ಪ ದನಿ ಶಬ್ದದ ಚಿಪ್ಪಿನದು. ವಿದ್ಯುತ್ತು ಬಂದ ಕೂಡಲೇ ಅದು ಯಾರ ಅಪ್ಪಣೆಯೂ ಇಲ್ಲದೆ ಕೂಗತೊಡಗುತ್ತದೆ. ಸಂಸ್ಕಾರಕ ಎಚ್ಚೆತ್ತು, ರಾಮ್ ಮತ್ತು ರೋಮ್‌ಗಳನ್ನು ನೋಡಿ, ಆ ಚಿಪ್ಪಿನ ಬಾಯಿ ಮುಚ್ಚಿಸಿ, ತನ್ನದೇ ಆದ ಸಣ್ಣ ‘ಪೀಪ್’ ಹೊರಡಿಸುತ್ತದೆ. ಆದ್ದರಿಂದ ದಪ್ಪ ದನಿ ನಿಲ್ಲದೆ ಮೊರೆಯುತ್ತಲೇ ಇದ್ದರೆ ಅರ್ಥ ಸ್ಪಷ್ಟ. ಶಬ್ದದ ಚಿಪ್ಪಿಗೆ ವಿದ್ಯುತ್ತು ಬಂದಿದೆ, ಆದರೆ ಯಜಮಾನ ಎದ್ದಿಲ್ಲ. ಎರಡೂ ದನಿ ಬಂದು ಪರದೆ ಕಪ್ಪಾಗಿದ್ದರೆ ಯಜಮಾನ ಎದ್ದಿದ್ದಾನೆ, ದೋಷ ಚಿತ್ರದ ದಾರಿಯಲ್ಲಿದೆ, ಮೊದಲು ಟಿ.ವಿ. ಮತ್ತು ಕೇಬಲ್ ನೋಡಿ. ಯಾವ ದನಿಯೂ ಇಲ್ಲದಿದ್ದರೆ ಮತ್ತೆ ವಿದ್ಯುತ್ತಿನ ಕಡೆಗೆ. ಒಂದು ಸೆಕೆಂಡಿನ ಶಬ್ದದಲ್ಲಿ ಅರ್ಧ ಕಾಲುವೆ ಅಳೆದಂತಾಯಿತು.

ಪರದೆಯ ಮೇಲೆ ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂದು ಬಂದು, ಅದರ ಕೆಳಗೆ ‘ಬೇಸಿಕ್’ ಎಂಬ ಪದ ಬರಬೇಕು. ಅದರ ಬದಲು ‘ಲ್ಯಾಂಗ್ವೇಜ್?’ ಎಂಬ ಪ್ರಶ್ನೆ ಬಂದರೆ ಗಾಬರಿ ಬೇಡ. ‘ನಾನು ಎದ್ದಿದ್ದೇನೆ, ಆಡಲು ಭಾಷೆ ಕೊಡಿ’ ಎನ್ನುತ್ತಿದೆ ಯಂತ್ರ. ಬೇಸಿಕ್ ಭಾಷೆ ತುಂಬಿರುವ ರೋಮ್ ಚಿಪ್ಪು ಅದಕ್ಕೆ ಕಾಣುತ್ತಿಲ್ಲ. ಬಹಳ ಸಲ ಆ ಚಿಪ್ಪು ಕೆಟ್ಟಿರುವುದಿಲ್ಲ, ತನ್ನ ಸಾಕೆಟ್ಟಿನಿಂದ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ. ಹಗಲು ಕಾದು ರಾತ್ರಿ ತಣಿದು, ಹಿಗ್ಗಿ ಕುಗ್ಗಿ, ವರ್ಷಗಳ ಕಾಲ ಚಿಪ್ಪುಗಳು ಹೀಗೆ ತೆವಳುತ್ತವೆ. ನಮ್ಮಲ್ಲಿ ಹಗಲು ರಾತ್ರಿಯ ಅಂತರ ಹೆಚ್ಚು, ತೆವಳುವುದೂ ಹೆಚ್ಚು. ವಿದ್ಯುತ್ತು ತೆಗೆದು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸಾಕು. ಅಷ್ಟಕ್ಕೂ ಆಗದಿದ್ದರೆ ಹೊರತೆಗೆದು ಕಾಲುಗಳನ್ನು ಆಲ್ಕೋಹಾಲಿನಿಂದ ಒರೆಸಿ, ಅದೇ ದಿಕ್ಕಿನಲ್ಲಿ ಕೂರಿಸಬೇಕು. ದಿಕ್ಕು ತಪ್ಪಿದರೆ ಚಿಪ್ಪು ಹೋಯಿತು. ಬಿಚ್ಚುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳುವುದು ಇಂದಿನವರಿಗಿರುವ ಅನುಕೂಲ.

ಚಿಪ್ಪು ಮುಟ್ಟುವ ಮುನ್ನ ಅರ್ಥಿಂಗ್ ಇರುವ ಲೋಹವನ್ನೊಮ್ಮೆ ಮುಟ್ಟಿಕೊಳ್ಳಬೇಕು. ಒಣಹವೆಯಲ್ಲಿ ಪಾಲಿಯೆಸ್ಟರ್ ಅಂಗಿ ತೊಟ್ಟು ಓಡಾಡಿದವರ ಮೈಯಲ್ಲಿ ಸಾವಿರಾರು ವೋಲ್ಟಿನ ಸ್ಥಾಯಿ ವಿದ್ಯುತ್ತು ಸೇರಿರುತ್ತದೆ. ನಮಗೆ ಚಿಟಿಕೆಯಷ್ಟೂ ತಾಗದ ಆ ಕಿಡಿ ಚಿಪ್ಪಿಗೆ ಸಿಡಿಲು.

ರೋಮ್ ಚಿಪ್ಪಿನ ನೆತ್ತಿಯ ಮೇಲೆ ಕಾಗದದ ಚೀಟಿ ಅಂಟಿಸಿದ್ದರೆ ಅದನ್ನು ಕುತೂಹಲಕ್ಕೂ ಕೀಳಬಾರದು. ಅದರ ಕೆಳಗೆ ಪುಟ್ಟ ಗಾಜಿನ ಕಿಟಕಿ ಇರುತ್ತದೆ. ಈ ಜಾತಿಯ ಚಿಪ್ಪನ್ನು ಅಳಿಸುವುದೇ ಆ ಕಿಟಕಿಯಿಂದ ಅತಿನೇರಳೆ ಬೆಳಕು ಹಾಯಿಸಿ. ನೇರ ಬಿಸಿಲಿಗೆ ಇಟ್ಟರೆ ಸುಮಾರು ಒಂದು ವಾರದಲ್ಲಿ ಒಳಗಿನ ಬರಹ ಅಳಿಯಬಹುದೆಂದು ತಯಾರಕರೇ ಹೇಳಿದ್ದರು. ತೊಳೆದ ಬೋರ್ಡನ್ನು ಹಪ್ಪಳದಂತೆ ಅಂಗಳದಲ್ಲಿ ಒಣಹಾಕುವವರು ಇದನ್ನು ನೆನಪಿಡಬೇಕು.

ಇಳಕಲ್ ಸೀರೆಯ ಎಳೆ

ನನಗೆ ಇಡೀ ವಿದ್ಯೆಯಲ್ಲಿ ಅತ್ಯಂತ ಸೊಗಸೆನಿಸಿದ್ದು ಸ್ಪೆಕ್ಟ್ರಮ್‌ನ ನೆನಪಿನ ದೋಷವನ್ನು ಕಣ್ಣಿನಿಂದಲೇ ಓದುವ ಬಗೆ. ಆ ಗಣಕದ ಪರದೆಯ ಅಡ್ಡಗಲ 256 ಚುಕ್ಕಿ. ಎಂಟು ಚುಕ್ಕಿಗಳಿಗೆ ಒಂದು ಬೈಟ್. ಒಂದು ಬೈಟಿನಲ್ಲಿ ಎಂಟು ಬಿಟ್. ಕೆಳಗಿನ 16ಕೆ ನೆನಪಿನಲ್ಲಿರುವುದು ಎಂಟು ಚಿಪ್ಪು. ಪ್ರತಿ ಬೈಟಿನ ಮೊದಲ ಬಿಟ್ಟನ್ನು ಒಂದು ಚಿಪ್ಪು, ಎರಡನೆಯದನ್ನು ಇನ್ನೊಂದು, ಹೀಗೆ ಎಂಟೂ ಚಿಪ್ಪು ಹಂಚಿಕೊಂಡು ಹಿಡಿದಿರುತ್ತವೆ. ಅವುಗಳಲ್ಲಿ ಮೂರನೆಯದು ಸತ್ತಿತೆನ್ನಿ. ಆಗ ಪರದೆಯಲ್ಲಿ ಪ್ರತಿ ಎಂಟು ಚುಕ್ಕಿಗೊಂದರಂತೆ ಮೂರನೆಯ ಚುಕ್ಕಿ ಕೆಟ್ಟಿರುತ್ತದೆ. ಮೇಲಿನಿಂದ ಕೆಳಗೆ 32 ಉದ್ದಗೆರೆಗಳು ನಿಲ್ಲುತ್ತವೆ. ಇಳಕಲ್ ಸೀರೆಯ ಹಾಸಿನಲ್ಲಿ ಒಂದು ಎಳೆ ಬಣ್ಣ ತಪ್ಪಿದರೆ ಸೀರೆಯುದ್ದಕ್ಕೂ ಗೆರೆ ಬೀಳುವಂತೆ. ನೇಕಾರ ಗೆರೆ ನೋಡಿ ಎಳೆ ಗುರುತಿಸುತ್ತಾನೆ. ಇಲ್ಲಿ ಗೆರೆ ಎಂಟರಲ್ಲಿ ಎಷ್ಟನೆಯದೆಂದು ಎಣಿಸಿದರೆ ಯಾವ ಚಿಪ್ಪೆಂದು ಗೊತ್ತಾಗುತ್ತದೆ. ಸಾವಿರಾರು ರೂಪಾಯಿಯ ಉಪಕರಣ ಬೇಡ, ಭೂತಗನ್ನಡಿ ಸಾಕು.

ಆದರೆ ಚಿಪ್ಪು ಯಾಕೆ ಸತ್ತಿತೆಂದು ತಿಳಿಯದೆ ಹೊಸದು ಹಾಕಿದರೆ ಅದೂ ಸಾಯುತ್ತದೆ. ‘4116’ ಎಂಬ ಈ ಚಿಪ್ಪುಗಳಿಗೆ ಮೂರು ಬಗೆಯ ವೋಲ್ಟೇಜು ಬೇಕು: ಧನ 12, ಧನ 5, ಋಣ 5. ಒಂದನೆಯ ಕಾಲಿನಲ್ಲಿ ಋಣ 5, ಎಂಟನೆಯದರಲ್ಲಿ ಧನ 12, ಒಂಬತ್ತನೆಯದರಲ್ಲಿ ಧನ 5, ಹದಿನಾರನೆಯದು ಸೊನ್ನೆ. ಋಣ 5 ಕಾಣೆಯಾಗಿ ಧನ 12 ಮಾತ್ರ ಉಳಿದರೆ ಚಿಪ್ಪು ಒಳಗೇ ಬೇಯುತ್ತದೆ. ಈ ವೋಲ್ಟೇಜುಗಳನ್ನು ಹುಟ್ಟಿಸುವ ಪುಟ್ಟ ಸರ್ಕ್ಯೂಟಿನಲ್ಲಿ ಟಿಆರ್-4 ಎಂಬ ಟ್ರಾನ್ಸಿಸ್ಟರ್ ಇದೆ. ಗಣಕ ಚಾಲೂ ಇರುವಾಗಲೇ ಹಿಂಬದಿಯಲ್ಲಿ ಜಾಯ್‌ಸ್ಟಿಕ್ಕಿನ ಪೆಟ್ಟಿಗೆಯನ್ನೋ ಪ್ರಿಂಟರನ್ನೋ ಸಿಕ್ಕಿಸಿದರೆ ಮೊದಲು ಸುಡುವುದು ಅದು, ಅದರ ಹಿಂದೆ ನೆನಪಿನ ಚಿಪ್ಪುಗಳು. ನಲವತ್ತು ವರ್ಷದ ಹಿಂದೆ ಆಟದ ಆತುರದಲ್ಲಿದ್ದ ಹುಡುಗನೊಬ್ಬ ಮಾಡಿದ ಕೆಲಸದ ಗುರುತು ಇಂದಿಗೂ ಆ ಬೋರ್ಡಿನಲ್ಲಿ ಉಳಿದಿರುತ್ತದೆ.

ಮೇಲಿನ 32ಕೆ ನೆನಪಿನದು ಬೇರೆಯೇ ಕಥೆ. ಸಿಂಕ್ಲೇರ್ ಕಂಪನಿ ಖರ್ಚು ಉಳಿಸಲು ಅರ್ಧ ಕೆಟ್ಟ 64 ಕಿಲೋಬಿಟ್ ಚಿಪ್ಪುಗಳನ್ನು ಅಗ್ಗಕ್ಕೆ ಕೊಂಡು, ಅವುಗಳ ಒಳ್ಳೆಯ ಅರ್ಧವನ್ನು ಮಾತ್ರ ಬಳಸಿತು. ಹೊಟ್ಟು ಹಾರಿಸಿ ಕಾಳು ತೆಗೆದ ಜಾಣತನ. ಈ ಭಾಗ ಕೆಟ್ಟರೂ ಗಣಕ ಏಳುತ್ತದೆ, ಆದರೆ 48ಕೆ ಬದಲು 16ಕೆ ಗಣಕವಾಗಿ. ಪತ್ತೆ ಹಚ್ಚಲು ‘ಪ್ರಿಂಟ್ ಪೀಕ್ 23732 + 256 * ಪೀಕ್ 23733’ ಎಂದು ಕೊಟ್ಟು ನೋಡಿ. 65535 ಎಂದು ಬಂದರೆ ಪೂರ್ತಿ ಆರೋಗ್ಯ. 32767 ಎಂದು ಬಂದರೆ ಮೇಲ್ಮಹಡಿ ಖಾಲಿ.

ಬೆರಳಿನಿಂದ ಮುಟ್ಟಿ ಬಿಸಿ ನೋಡುವುದು ಹಳೆಯ ಪದ್ಧತಿ. ಒಂದೇ ಜಾತಿಯ ಎಂಟು ಚಿಪ್ಪುಗಳಲ್ಲಿ ಒಂದು ಮಾತ್ರ ಸುಡುತ್ತಿದ್ದರೆ ಅದರ ಮೇಲೆ ಅನುಮಾನ ಪಡಬಹುದು. ಆದರೆ ಫೆರಾಂಟಿ ಕಂಪನಿಯ ಯುಎಲ್‌ಎ ಎಂಬ ದೊಡ್ಡ ಚಿಪ್ಪು ಹುಟ್ಟಿನಿಂದಲೇ ಬಿಸಿ. ಬಿಬಿಸಿ ಮೈಕ್ರೊದಲ್ಲಿ ಅದಕ್ಕೆ ಲೋಹದ ರೆಕ್ಕೆ ಅಂಟಿಸಿರುತ್ತಾರೆ. ಅದನ್ನು ಕೆಟ್ಟಿದೆಯೆಂದು ಕೀಳಬಾರದು. ಅದು ಆ ಗಣಕಕ್ಕೆಂದೇ ಮಾಡಿಸಿದ ಚಿಪ್ಪು, ಅಂಗಡಿಯಲ್ಲಿ ಸಿಗುವುದಿಲ್ಲ. ಬಿಬಿಸಿಯ 6502 ಸಂಸ್ಕಾರಕದ ಸುಧಾರಿತ ರೂಪ ಇಂದಿಗೂ ತಯಾರಾಗುತ್ತಿದೆ. ಸ್ಪೆಕ್ಟ್ರಮ್‌ನ ಝಡ್-80ಕ್ಕೆ ಮಾತ್ರ ಅದರ ತಯಾರಕರು 2024ರಲ್ಲಿ ವಿದಾಯ ಹೇಳಿದರು. ಹಳೆಯ ದಾಸ್ತಾನು ಮಾರುಕಟ್ಟೆಯಲ್ಲಿದೆ.

ಕೆಟ್ಟ ಚಿಪ್ಪನ್ನು ಬೆಸುಗೆ ಕರಗಿಸಿ ಇಡಿಯಾಗಿ ಎಬ್ಬಿಸಲು ಹೋದರೆ ಬೋರ್ಡಿನ ತಾಮ್ರದ ಗೆರೆಗಳೇ ಎದ್ದುಬರುತ್ತವೆ. ಕೆಟ್ಟದ್ದೆಂದು ಖಚಿತವಾಗಿದ್ದರೆ ಅದರ ಕಾಲುಗಳನ್ನು ಕತ್ತರಿಸಿ, ಒಂದೊಂದು ಕಾಲನ್ನೂ ಬೇರೆಬೇರೆ ತೆಗೆದು, ಆ ಜಾಗದಲ್ಲಿ ಸಾಕೆಟ್ ಕೂರಿಸುವುದು ಸರಿಯಾದ ಮಾರ್ಗ. ಚಿಪ್ಪು ಹೋದರೆ ಹೋಗಲಿ, ಬೋರ್ಡು ಉಳಿಯಬೇಕು.

ಕೀಲಿಮಣೆಯ ದೋಷ ಹೇಳಲು ಹೆಚ್ಚಿಲ್ಲ. ಒಂದೇ ಕೀಲಿ ಕೆಟ್ಟಿದ್ದರೆ ಕೀಲಿಯದೇ ತಪ್ಪು, ಸಾಲಿಗೆ ಸಾಲೇ ಕೆಟ್ಟಿದ್ದರೆ ತಂತಿಯದು. ಸ್ಪೆಕ್ಟ್ರಮ್‌ನ ಕೀಲಿಗಳ ಕೆಳಗಿರುವ ಪ್ಲಾಸ್ಟಿಕ್ ಹಾಳೆಯ ಬಾಲ ಒಣಗಿ ಮುರಿದಿರುತ್ತದೆ. ಅದಕ್ಕೆ ಬೆಸುಗೆ ಹತ್ತದು. ಹೊಸ ಹಾಳೆಗಳನ್ನು ಈಗಲೂ ಕೆಲವರು ತಯಾರಿಸಿ ಮಾರುತ್ತಾರೆ.

ಕ್ಯಾಸೆಟ್ಟಿನಲ್ಲಿ ಉಳಿದದ್ದು

ಇಷ್ಟೆಲ್ಲ ಮಾಡಿ ಎಬ್ಬಿಸಬೇಕಾದದ್ದು ಏಕೆ? ಈ ಗಣಕಗಳು ಮಾಡುತ್ತಿದ್ದ ಲೆಕ್ಕವನ್ನು ಇಂದಿನ ಸಾದಾ ಮೊಬೈಲು ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ. ಯಂತ್ರದ ಅನುಕರಣೆ ಮಾಡುವ ತಂತ್ರಾಂಶಗಳೂ ಪುಕ್ಕಟೆ ಸಿಗುತ್ತವೆ. ಆದರೆ ಅವು ಓದಬೇಕಾದ ಕ್ಯಾಸೆಟ್ಟು ಮಾತ್ರ ಬೇರೆಲ್ಲೂ ಇಲ್ಲ. ಅಂಗಡಿಯಲ್ಲಿ ಕೊಂಡ ಆಟದ ಕ್ಯಾಸೆಟ್ಟುಗಳ ಪ್ರತಿಗಳು ಜಗತ್ತಿನಲ್ಲಿ ಸಾಕಷ್ಟಿವೆ. ಖಾಲಿ ಕ್ಯಾಸೆಟ್ಟಿನಲ್ಲಿ ಮೇಷ್ಟ್ರೊಬ್ಬರು ಬರೆದಿಟ್ಟ ಅಂಕಪಟ್ಟಿಯ ಪ್ರೋಗ್ರಾಮು ಮಾತ್ರ ಅದೊಂದರಲ್ಲೇ ಇರುವಂಥದು.

ಅಥವಾ ಯಾರೋ ಕೂತು ಮಾಡಿದ ಕನ್ನಡ ಅಕ್ಷರಗಳು. ಈ ಗಣಕಗಳಿಗೆ ಕನ್ನಡ ಬರುತ್ತಿರಲಿಲ್ಲ. ಎಂಟು ಅಡ್ಡ ಎಂಟು ಚುಕ್ಕಿಯ ಚೌಕದಲ್ಲಿ ಬೇಕಾದ ಆಕಾರ ಬರೆದುಕೊಳ್ಳುವ ಸೌಲಭ್ಯ ಮಾತ್ರ ಇತ್ತು. ಸ್ಪೆಕ್ಟ್ರಮ್‌ನಲ್ಲಿ ಹಾಗೆ ಬರೆಯಲು 21 ಚೌಕ. ನಮ್ಮ ವರ್ಣಮಾಲೆಯೇ 49, ಅದರ ಮೇಲೆ ಕಾಗುಣಿತ, ಕೆಳಗೆ ಒತ್ತು. ‘ಅಕ್ಕ’ ಎಂದು ಬರೆಯಲು ಒತ್ತಿಗೆ ಕೆಳಸಾಲಿನ ಇನ್ನೊಂದು ಚೌಕ ಬೇಕು. ಯಾವ ಅಕ್ಷರ ಬಿಡುವುದು, ಯಾವುದನ್ನು ಎರಡಾಗಿ ಒಡೆಯುವುದು, ‘ಘ’ವನ್ನು ಎಂಟು ಚುಕ್ಕಿಯಲ್ಲಿ ಹೇಗೆ ಹಿಡಿಸುವುದು ಎಂದು ಗ್ರಾಫ್ ಹಾಳೆಯ ಮೇಲೆ ಗುದ್ದಾಡಿದವರ ಕೆಲಸ ಮುದ್ರಣವಾಗಿ ಉಳಿಯುವಂಥದ್ದಲ್ಲ. ಉಳಿದಿದ್ದರೆ ಟೇಪಿನಲ್ಲೇ.

ಟೇಪಿನಲ್ಲಿರುವುದು ಶಬ್ದ. ಬಿಬಿಸಿ ಮೈಕ್ರೊ ಸೊನ್ನೆ ಮತ್ತು ಒಂದನ್ನು 1200 ಮತ್ತು 2400 ಹರ್ಟ್ಸಿನ ಎರಡು ಸ್ವರಗಳಾಗಿ ಬರೆಯುತ್ತದೆ. ಆದ್ದರಿಂದ ಗಣಕ ರಿಪೇರಿಯಾಗುವವರೆಗೂ ಕಾಯದೆ ಟೇಪನ್ನು ಮೊದಲು ನಕಲು ಮಾಡಿಕೊಳ್ಳಬೇಕು. ಬಯಲಾಟದ, ತತ್ವಪದದ ಕ್ಯಾಸೆಟ್ಟು ಹಾಕುತ್ತಿದ್ದ ಅದೇ ಟೇಪ್‌ರೆಕಾರ್ಡರ್ ಸಾಕು. ಅದರೊಳಗಿನ ರಬ್ಬರ್ ಬೆಲ್ಟ್ ಕರಗಿ ಡಾಂಬರಿನಂತಾಗಿದ್ದರೆ ಬದಲಿಸಬೇಕು. ಹೆಡ್ಡನ್ನು ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಬೇಕು. ಮೊದಲು ಬೇಡವಾದ ಒಂದು ಕ್ಯಾಸೆಟ್ಟು ಹಾಕಿ ಟೇಪು ಸಿಕ್ಕಿಕೊಳ್ಳುತ್ತದೋ ಇಲ್ಲವೋ ನೋಡಬೇಕು. ಆಮೇಲೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತ ಕೇಳಬೇಕು. ಕಿರುಚು ಎಲ್ಲಿ ಅತ್ಯಂತ ಚೂಪಾಗಿ ಕೇಳುತ್ತದೋ ಅಲ್ಲಿ ಹೆಡ್ಡು ಟೇಪಿಗೆ ನೇರವಾಗಿದೆ ಎಂದರ್ಥ. ಬರೆದ ಯಂತ್ರದ ಹೆಡ್ಡು ವಾರೆಯಾಗಿದ್ದರೆ ಓದುವ ಹೆಡ್ಡೂ ಅಷ್ಟೇ ವಾರೆಯಾಗಬೇಕು. ಹಾಗಾಗಿ ಪ್ರತಿ ಕ್ಯಾಸೆಟ್ಟಿಗೂ ಈ ಸ್ಕ್ರೂ ಹೊಸದಾಗಿ ತಿರುಗಿಸಬೇಕಾದೀತು.

ಇಯರ್‌ಫೋನಿನ ತೂತಿನಿಂದ ತಂತಿ ಎಳೆದು ಕಂಪ್ಯೂಟರಿಗೆ ಕೊಟ್ಟು, ಕುಗ್ಗಿಸದ ‘ವೇವ್’ ರೂಪದಲ್ಲಿ ಮುದ್ರಿಸಿಕೊಳ್ಳಬೇಕು. ಎಂಪಿ-3 ಮಾಡಿದರೆ ಸ್ವರದ ಅಂಚುಗಳು ಮೊಂಡಾಗುತ್ತವೆ. ಒಂದು ಬದಿ ಮುಗಿಯುವವರೆಗೆ ನಿಲ್ಲಿಸಬಾರದು. ನಡುವೆ ಮೌನ ಬಂದರೂ ಅದರಾಚೆ ಇನ್ನೊಂದು ಪ್ರೋಗ್ರಾಮು ಇರಬಹುದು. ಕ್ಯಾಸೆಟ್ಟಿನ ಮೇಲಿನ ಚೀಟಿಯನ್ನೂ ಫೋಟೋ ತೆಗೆದು ಅದೇ ಹೆಸರಿನಲ್ಲಿ ಇಡಬೇಕು. ಟೇಪ್‌ರೆಕಾರ್ಡರಿನ ಎಣಿಕೆ ಯಂತ್ರದ ಯಾವ ಅಂಕಿಯಲ್ಲಿ ಯಾವ ಪ್ರೋಗ್ರಾಮು ಶುರುವಾಗುತ್ತದೆಂದು ಪೆನ್ಸಿಲಿನಲ್ಲಿ ಬರೆದಿರುವುದು ಸಾಮಾನ್ಯವಾಗಿ ಆ ಚೀಟಿಯ ಹಿಂಬದಿಯಲ್ಲಿ.